ಓದಲು ಬಾರದ ಹೆಂಗಸರಿಗೆ ಅಕ್ಷರ ಕಲಿಸುವ ಕ್ರಮ: ಮೊದಲ ದಿನದಿಂದ ಡೈರಿ ಚೀಟಿಯವರೆಗೆ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಅಕ್ಷರ ಕಲಿಸಲು ಹೊರಟವರ ಕಥೆ ಬಹುತೇಕ ಒಂದೇ. ಮೊದಲ ವಾರ ಅಂಗನವಾಡಿ ತುಂಬಿರುತ್ತದೆ. ಅ ಆ ಇ ಈ ಹೇಳಿಸುತ್ತಾರೆ, ಸ್ಲೇಟು ತುಂಬ ತಿದ್ದಿಸುತ್ತಾರೆ. ಐ, ಔ ದಾಟಿ ಕ ಖ ಗ ಘ ಙ ಬರುವಷ್ಟರಲ್ಲಿ ಅರ್ಧ ಜನ ಕಾಣೆಯಾಗಿರುತ್ತಾರೆ. ಉಳಿದವರಿಗೆ ಹೆಸರು ಬರೆಯಲು ಕಲಿಸಿ, ಫೋಟೊ ತೆಗೆಸಿ, ‘ಸಾಕ್ಷರರಾದರು’ ಎಂದು ಬರೆದುಕೊಂಡು ಮುಗಿಸುತ್ತಾರೆ. ಆರು ತಿಂಗಳ ನಂತರ ಅದೇ ಹೆಂಗಸರು ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸು ಯಾವುದೆಂದು ಪಕ್ಕದವರನ್ನು ಕೇಳುತ್ತಿರುತ್ತಾರೆ.

ಕೆಡುವುದು ಕ್ರಮದಲ್ಲಿ. ನಲವತ್ತೈದು ವರ್ಷದ ಹೆಂಗಸಿಗೆ ಕನ್ನಡ ನಿಮಗಿಂತ ಚೆನ್ನಾಗಿ ಬರುತ್ತದೆ, ಲೆಕ್ಕವೂ ಬರುತ್ತದೆ. ಬಾರದ್ದು ಲಿಪಿ ಮಾತ್ರ. ಹಾಗಿರುವಾಗ ಒಂದನೇ ತರಗತಿಯ ಮಗುವಿಗೆ ಹೇಳಿಕೊಡುವ ಸಾಲಿನಲ್ಲೇ ಅವರನ್ನು ನಡೆಸಿದರೆ ಉಪಯೋಗಕ್ಕೆ ಬರುವ ಮೊದಲ ಪದ ಸಿಗುವುದಕ್ಕೆ ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಕಾಯುವ ಪುರುಸೊತ್ತು ಅವರಿಗಿಲ್ಲ. ಕೆಳಗಿನ ಕ್ರಮ ಊರಲ್ಲೇ ಇದ್ದು ಕಲಿಸುವವರಿಗಾಗಿ: ಪದವಿ ಓದುತ್ತಿರುವ ಹುಡುಗಿ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವರು, ನಿವೃತ್ತ ಮೇಷ್ಟ್ರು, ಯಾರೇ ಆಗಬಹುದು. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಎಂದುಕೊಂಡರೆ ಐದಾರು ತಿಂಗಳ ಕೆಲಸ.

ಬೇಕಾದ ಸಾಮಾನು

ಸ್ಲೇಟು ಮತ್ತು ಬಳಪ, ಕಪ್ಪು ಹಲಗೆ, ದಪ್ಪ ರಟ್ಟಿನ ಚೂರುಗಳು, ಒಂದು ಸ್ಕೆಚ್ ಪೆನ್ನು. ಎರಡು ಗೆರೆಯ ಪುಸ್ತಕ, ಪೆನ್ಸಿಲ್ ಎರಡನೇ ತಿಂಗಳಿಗೆ ಸಾಕು. ಮೊದಲೇ ಪುಸ್ತಕ ಕೊಟ್ಟರೆ ತಪ್ಪು ಅಳಿಸಲಾಗದೆ ಉಳಿಯುತ್ತದೆ, ಮನೆಯ ಮಕ್ಕಳು ತೆಗೆದು ನೋಡಿ ನಗುತ್ತಾರೆ. ಸ್ಲೇಟಿನಲ್ಲಿ ಆ ತಂಟೆಯಿಲ್ಲ. ಗೋಡೆಗೆ ಹಾಕುವ ‘ಅ ಅಗಸ, ಆ ಆನೆ’ ಚಿತ್ರಪಟ ಬೇಡ. ಅದು ಅಂಗನವಾಡಿಯ ಗೋಡೆಯಲ್ಲಿ ಮೊದಲೇ ಇದ್ದರೆ ಇರಲಿ, ಪಾಠಕ್ಕೆ ಎಳೆದು ತರಬೇಡಿ.

ಹಂತ 1: ಕಣ್ಣು, ಹೊತ್ತು, ಜಾಗ

ಮೊದಲು ಕಣ್ಣು ನೋಡಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಂಜಾಗುವುದು ಸಹಜ. ಓದುವ ರೂಢಿ ಇಲ್ಲದವರಿಗೆ ಅದು ತಿಳಿದೇ ಇರುವುದಿಲ್ಲ. ‘ನನ್ನ ತಲೆಗೆ ಹತ್ತುವುದಿಲ್ಲ ಬಿಡಿ’ ಎನ್ನುವವರಲ್ಲಿ ಹಲವರಿಗೆ ಬೇಕಿರುವುದು ಕನ್ನಡಕ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮೊರವನ್ನು ದೂರ ಹಿಡಿಯುತ್ತಾರೆಯೇ, ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತಾರೆಯೇ ಎಂದು ಕೇಳಿ. ಹೌದು ಎಂದರೆ ಪಾಠ ಶುರುವಾಗುವ ಮುಂಚೆಯೇ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಲಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಐದಾರು ಜನ ಒಟ್ಟಿಗೇ ಹೋಗಿ ಬರಬಹುದು.

ಹೊತ್ತನ್ನು ನೀವು ಗೊತ್ತು ಮಾಡಬೇಡಿ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ, ಮುದ್ದೆಗೆ ಎಸರಿಡುವ ಮುಂಚೆ ಸ್ವಲ್ಪ ಬಿಡುವಿರುತ್ತದೆ. ಕೆಲವು ಊರಿನಲ್ಲಿ ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ಅನುಕೂಲ. ಧಾರಾವಾಹಿಯ ಜೊತೆ ಪೈಪೋಟಿಗೆ ಇಳಿದರೆ ಸೋಲುವುದು ನೀವೇ.

ತಿಂಗಳನ್ನೂ ನೋಡಿಕೊಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ನೀರು ಬಿಟ್ಟ ಕೂಡಲೇ ಭತ್ತದ ನಾಟಿ. ಆಗ ಯಾರೂ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ತಪ್ಪು, ಕೂಲಿಯ ದಿನಗಳವು. ನಾಗಮಂಗಲದ ಬೆದ್ದಲು ಸೀಮೆಯಲ್ಲಿ ರಾಗಿ ಕೊಯ್ಲು, ಒಕ್ಕಣೆ ಮುಗಿದ ಮೇಲೆ ಕೈ ಬಿಡುವಾಗುತ್ತದೆ. ಸಂಕ್ರಾಂತಿ ಕಳೆದು ಶುರು ಮಾಡಿದರೆ ಮುಂಗಾರಿನ ಕೆಲಸ ಬೀಳುವ ಹೊತ್ತಿಗೆ ಕಾಗುಣಿತ ದಾಟಿರುತ್ತೀರಿ.

ಜಾಗದ ವಿಷಯ ಸೂಕ್ಷ್ಮವಾದದ್ದು. ಅರಳಿಕಟ್ಟೆ ಗಂಡಸರದು. ದೇವಸ್ಥಾನದ ಜಗಲಿ ಇಟ್ಟುಕೊಂಡರೆ ದಲಿತರ ಕಾಲೋನಿಯ ಹೆಂಗಸರು ಬರುವುದಿಲ್ಲ, ಬಂದರೂ ಅಂಚಿನಲ್ಲಿ ಕೂರುತ್ತಾರೆ. ಯಜಮಾನರ ಮನೆಯ ಪಡಸಾಲೆಯೂ ಹಾಗೆಯೇ. ಅಂಗನವಾಡಿ ಅಥವಾ ಶಾಲೆಯ ಕೋಣೆ ಎಲ್ಲರದು. ಮಕ್ಕಳ ಪುಟ್ಟ ಬೆಂಚಿನಲ್ಲಿ ಕೂರಿಸಬೇಡಿ, ಚಾಪೆ ಹಾಸಿ, ನೀವೂ ಅದರಲ್ಲೇ ಕೂತುಕೊಳ್ಳಿ. ಕೂರುವ ಜಾಗ ದಿನವೂ ಬದಲಾಗಲಿ, ಇಲ್ಲದಿದ್ದರೆ ಊರಿನ ಬೀದಿಗಳೇ ಚಾಪೆಯ ಮೇಲೂ ಮೂಡುತ್ತವೆ.

ಒಂದು ಗುಂಪಿಗೆ ಎಂಟು, ಹೆಚ್ಚೆಂದರೆ ಹತ್ತು ಜನ. ಅತ್ತೆ ಸೊಸೆ ಇಬ್ಬರೂ ಕಲಿಯುವವರಾದರೆ ಬೇರೆ ಬೇರೆ ಗುಂಪಿಗೆ ಹಾಕಿ. ಸೊಸೆಯ ಎದುರು ಅತ್ತೆ ತಪ್ಪು ಓದುವುದಿಲ್ಲ. ಸುಮ್ಮನೆ ಬರುವುದನ್ನೇ ನಿಲ್ಲಿಸುತ್ತಾರೆ. ನೀವು ವಯಸ್ಸಿನಲ್ಲಿ ಚಿಕ್ಕವರಾದರೆ ಅಕ್ಕ, ದೊಡ್ಡಮ್ಮ, ಅಜ್ಜಿ ಎಂದು ಊರಿನ ವಾಡಿಕೆಯಂತೆಯೇ ಕರೆಯಿರಿ. ಹೆಸರು ಹಿಡಿದು ಹಾಜರಿ ಕೂಗುವುದು ಬೇಡವೇ ಬೇಡ.

ಹಂತ 2: ಅವರ ಮನೆಯ ಕಾಗದ ತರಿಸಿ

ಮೊದಲ ದಿನ ಬಳಪ ಮುಟ್ಟಿಸಬೇಡಿ. ‘ನಾಳೆ ಬರುವಾಗ ನಿಮಗೆ ಅರ್ಥವಾಗದ ಒಂದು ಕಾಗದ ತನ್ನಿ’ ಎಂದು ಹೇಳಿ ಕಳಿಸಿ. ಡೈರಿ ಚೀಟಿ, ಪಡಿತರ ಚೀಟಿ, ಸಂಘದ ಸಾಲದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಚೆಸ್ಕಾಂ ಬಿಲ್ಲು, ಮಾತ್ರೆಯ ಪೊಟ್ಟಣ, ಮದುವೆಯ ಲಗ್ನಪತ್ರಿಕೆ, ಏನಾದರೂ ಬರುತ್ತದೆ. ಅದನ್ನೆಲ್ಲ ಓದಿ ಹೇಳಿ. ಯಾರಿಗೆ ಯಾವ ಕಾಗದದ ಮೇಲೆ ಕಣ್ಣಿದೆ ಎಂದು ಗುರುತು ಹಾಕಿಕೊಳ್ಳಿ. ಆರು ತಿಂಗಳ ಕೊನೆಯಲ್ಲಿ ಆಕೆ ಅದೇ ಕಾಗದವನ್ನು ತಾನೇ ಓದಬೇಕು. ನಿಮ್ಮ ಪಠ್ಯ ಇಷ್ಟೇ.

ಎಚ್ಚರಿಕೆ ಒಂದು. ಪಾಸ್‌ಬುಕ್ಕಿನ ಬಾಕಿ, ಸಾಲದ ಮೊತ್ತವನ್ನು ಗುಂಪಿನ ಎದುರು ಗಟ್ಟಿಯಾಗಿ ಓದಬೇಡಿ. ಗೃಹಲಕ್ಷ್ಮಿಯ 2000 ರೂಪಾಯಿ ಬಂದಿದೆಯೋ ಇಲ್ಲವೋ ಎಂಬುದು ಎಷ್ಟೋ ಮನೆಗಳಲ್ಲಿ ಗಂಡನಿಗೂ ಹೇಳದ ವಿಷಯ.

ಹಂತ 3: ಹೆಸರು, ಆದರೆ ಸಹಿಯಲ್ಲ

ಎರಡನೇ ದಿನದಿಂದ ಪ್ರತಿಯೊಬ್ಬರ ಹೆಸರನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡಿ. ಆಧಾರ್ ಕಾರ್ಡಿನಲ್ಲಿ ಕನ್ನಡದಲ್ಲಿ ಹೇಗಿದೆಯೋ ಹಾಗೆಯೇ ಬರೆಯಿರಿ. ಮನೆಯಲ್ಲಿ ತಾಯಮ್ಮ ಎನ್ನುತ್ತಾರೆ, ಕಾರ್ಡಿನಲ್ಲಿ ಚಿಕ್ಕತಾಯಮ್ಮ ಎಂದಿರುತ್ತದೆ. ಮನೆಯ ಹೆಸರು ಕಲಿಸಿಬಿಟ್ಟರೆ ಬ್ಯಾಂಕಿನಲ್ಲಿ ಮತ್ತೆ ತೊಡಕು.

ಹೆಸರನ್ನು ಮೊದಲು ಚಿತ್ರದಂತೆ ಗುರುತಿಸಲಿ. ಎಲ್ಲರ ರಟ್ಟುಗಳನ್ನೂ ಚಾಪೆಯ ಮೇಲೆ ಹರಡಿ, ತಮ್ಮದನ್ನು ಹೆಕ್ಕಲು ಹೇಳಿ. ಆಮೇಲೆ ಪಕ್ಕದವರದ್ದು. ಜಯಮ್ಮನ ಕೊನೆಯ ಅಕ್ಷರವೇ ನಿಂಗಮ್ಮನಲ್ಲೂ, ಪುಟ್ಟಮ್ಮನಲ್ಲೂ ಇದೆ ಎಂದು ಯಾರಾದರೊಬ್ಬರು ತಾವಾಗಿ ಹೇಳುವವರೆಗೆ ಕಾಯಿರಿ, ನೀವು ಹೇಳಬೇಡಿ. ಆ ‘ಮ್ಮ’ ಕಂಡವರಿಗೆ ಓದುವುದೆಂದರೆ ಏನೆಂದು ಅರ್ಧ ಅರ್ಥವಾಗಿರುತ್ತದೆ.

ಬರೆಯಿಸಲು ರಂಗೋಲಿಯ ಕೈಯನ್ನೇ ಬಳಸಿ. ಚುಕ್ಕಿಯಿಟ್ಟು ಬಳ್ಳಿ ಸುತ್ತುವ ಬೆರಳಿಗೆ ಕನ್ನಡದ ದುಂಡು ತಿರುವು ಹೊಸದಲ್ಲ, ಬಳಪ ಹಿಡಿಯುವುದು ಹೊಸದು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮೊಳದುದ್ದದ ಅಕ್ಷರ ಬರೆಸಿ, ಅದೇ ದಿನ ಸ್ಲೇಟಿನಲ್ಲಿ ಅಂಗೈಯಗಲ, ನಂತರ ಚಿಕ್ಕದಾಗಿ. ದೇವರ ಹೆಸರಿರುವ ಅಕ್ಷರವನ್ನು ತುಳಿಯುವ ಜಾಗದಲ್ಲಿ ಬರೆಸಬೇಡಿ, ಕೆಲವರಿಗೆ ಅದು ಸಂಕಟ.

ಲಕ್ಷ್ಮಮ್ಮ ಎಂಬ ಹೆಸರಿನವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ, ಪಾಪ, ಅವರ ಪಾಲಿಗೆ ಬಂದಿರುವುದು ಎಲ್ಲರಿಗಿಂತ ಕಷ್ಟದ ಹೆಸರು. ಕ, ಅದರ ಕೆಳಗೆ ಷ ಒತ್ತು, ಅದರ ಕೆಳಗೆ ಮ ಒತ್ತು. ಈಗಲೇ ಅದನ್ನು ಬಿಡಿಸಿ ಹೇಳಲು ಹೋಗಬೇಡಿ. ‘ಕ್ಷ್ಮ’ ಒಂದೇ ಚಿತ್ರವೆಂದು ತಿದ್ದಿಸಿ. ಆರನೇ ಹಂತದಲ್ಲಿ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಅರ್ಜಿಗಳಲ್ಲಿ ಗಂಡನ ಹೆಸರು ಕೇಳುತ್ತಾರೆ. ವಯಸ್ಸಾದ ಹೆಂಗಸರಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದವರು ಇನ್ನೂ ಇದ್ದಾರೆ. ಹೇಳಿ ಎಂದು ಒತ್ತಾಯಿಸಬೇಡಿ. ಕಾರ್ಡು ನೋಡಿ ರಟ್ಟು ಬರೆದುಕೊಡಿ. ಬಾಯಲ್ಲಿ ಬಾರದ ಹೆಸರನ್ನು ಕೈಯಲ್ಲಿ ಬರೆಯಲು ಯಾರ ತಕರಾರೂ ಇರುವುದಿಲ್ಲ.

ಹಂತ 4: ಏಳು ಅಕ್ಷರ, ಅಂದೇ ಪದ

ವರ್ಣಮಾಲೆಯ 49 ಅಕ್ಷರಗಳನ್ನೂ ಸಾಲಾಗಿ ಕಲಿಸುವ ಅಗತ್ಯವಿಲ್ಲ. ನಮ್ಮ ಶಾಲೆಗಳಲ್ಲಿ ‘ರ ಗ ಸ ದ ಅ’ ಎಂದು ಶುರು ಮಾಡುವುದು ಈ ತತ್ವದ ಮೇಲೆಯೇ. ಆಕಾರ ಸುಲಭವಿರುವ, ಕೂಡಿಸಿದರೆ ಪದವಾಗುವ ಅಕ್ಷರಗಳು ಮೊದಲು ಬರುತ್ತವೆ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಿಕ್ಕ ಮಕ್ಕಳ ಶಾಲಾ ಕಲಿಕೆಯ ನಲಿ–ಕಲಿ ಪದ್ಧತಿಯೂ ಇದೇ ದಾರಿ ಹಿಡಿಯಿತು. ಆದರೆ ಗರಗಸ, ಅಗಸ ಎಂಬ ಪದಗಳಿಂದ ನಮ್ಮ ಹೆಂಗಸರಿಗೆ ಅಂಥ ಉಪಯೋಗವಿಲ್ಲ. ಅವರಿಗೆ ಹೊಂದುವಂತೆ ತುಸು ಬದಲಿಸಿಕೊಳ್ಳಿ.

ಮೊದಲ ಕಂತು: ದ, ನ, ಮ, ರ, ಸ, ಗ, ಅ. ಇಷ್ಟರಲ್ಲೇ ದನ, ಮರ, ಮಗ, ಸರ, ನಗ, ದರ, ನಗರ ಎಲ್ಲ ಸಿಗುತ್ತವೆ. ‘ದ’ ‘ನ’ ಕಲಿತ ದಿನವೇ ‘ದನ’ ಓದಿಸಿ. ಕಲಿತ ದಿನ ಪದವಾಗದ ಅಕ್ಷರ ಮರುದಿನ ನೆನಪಿರುವುದಿಲ್ಲ.

ಎರಡನೇ ಕಂತು: ಹ, ಣ, ಕ, ಬ, ಲ, ಳ, ಜ, ತ, ಪ, ವ. ಹಣ, ಕಣ, ಕಸ, ಜನ, ಬಲ, ಕಳಸ, ಬಳಪ, ಜಗಳ. ‘ಜಗಳ’ ಓದಿದ ದಿನ ತರಗತಿಯಲ್ಲಿ ನಗು ಎದ್ದರೆ ಅರ್ಧ ಗಂಟೆ ಹಾಳಾಯಿತೆಂದು ಬೇಸರಪಡಬೇಡಿ. ಅಂದು ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ.

ಮೂರನೇ ಕಂತು: ಯ, ಟ, ಡ, ಚ, ಶ, ಷ. ಸ್ವರಗಳು ಪದದ ಮೊದಲಲ್ಲಿ ಬಂದಾಗ ಮಾತ್ರ ಬೇಕಾಗುವುದರಿಂದ ಆ, ಇ, ಈ, ಉ, ಊ, ಎ, ಏ, ಒ, ಓ ಇವನ್ನು ಕಾಗುಣಿತದ ಜೊತೆ ಸೇರಿಸಿ. ಮಹಾಪ್ರಾಣಗಳು ಅವು ಇರುವ ಕಾಗದ ಬಂದಾಗ ಸಾಕು: ಭತ್ತಕ್ಕೆ ಭ, ಆಧಾರಿಗೆ ಧ, ಖರ್ಚಿಗೆ ಖ, ಫ್ಯಾಟಿಗೆ ಫ. ಙ, ಞ, ಋ ಇವನ್ನು ಕಲಿಸದೆಯೂ ಜೀವನ ನಡೆಯುತ್ತದೆ.

ಒಂದೇ ದಿನ ಜೊತೆಯಾಗಿ ಕಲಿಸಬಾರದ ಅಕ್ಷರಗಳಿವೆ. ವ–ಮ, ಪ–ಷ, ದ–ಧ–ಥ, ಬ–ಭ, ಡ–ಢ. ಒಂದು ಗಟ್ಟಿಯಾಗಿ ಎರಡು ವಾರವಾದ ಮೇಲೆ ಅದರ ಜೋಡಿ ಬರಲಿ.

ಎಡವಟ್ಟು ಆಗುತ್ತಿದೆ ಎಂದು ತಿಳಿಯಲು ಕೆಲವು ಗುರುತುಗಳು. ಅಕ್ಷರ ತೋರಿಸುವ ಮುಂಚೆಯೇ ಗುಂಪು ರಾಗವಾಗಿ ಹೇಳುತ್ತಿದ್ದರೆ ಅದು ಬಾಯಿಪಾಠ. ರಟ್ಟುಗಳನ್ನು ಕಲೆಸಿ, ಒಬ್ಬೊಬ್ಬರನ್ನೇ ಕೇಳಿ. ಸ್ಲೇಟಿನ ಬರಹ ಅಚ್ಚಿನಂತಿದ್ದು, ಅಳಿಸಿ ‘ಏನು ಬರೆದಿರಿ’ ಎಂದರೆ ಮೌನವಾದರೆ ಅದು ನಕಲು. ರಂಗೋಲಿ ಕೈಯವರಲ್ಲಿ ಇದು ಬಹಳ. ಮನೆಗೆಲಸಕ್ಕೆ ಕೊಟ್ಟದ್ದು ತೀರಾ ನೀಟಾಗಿ ಬಂದಿದ್ದರೆ ಬರೆದದ್ದು ಮಗಳು. ಯಾರಾದರೂ ಸೆರಗಿನಲ್ಲಿ ಸ್ಲೇಟು ಮುಚ್ಚಿಕೊಳ್ಳುತ್ತಿದ್ದರೆ ನಿಮ್ಮ ಓಟ ಅವರಿಗೆ ಹೆಚ್ಚಾಗಿದೆ, ಮರುದಿನ ಹೊಸದು ನಿಲ್ಲಿಸಿ.

ಮಧ್ಯೆ ಒಂದು ಮಾತು: ‘ಹ’ಕಾರದ ತಂಟೆ

ನಮ್ಮ ಸೀಮೆಯ ಮಾತಿನಲ್ಲಿ ಹಾಲು ‘ಆಲು’, ಹೊಲ ‘ವೊಲ’, ಹೆಣ್ಣು ‘ಎಣ್ಣು’. ಆದ್ದರಿಂದ ನೀವು ‘ಹಾಲು ಬರೆಯಿರಿ’ ಎಂದರೆ ಆಕೆ ‘ಆಲು’ ಎಂದೇ ಬರೆಯುತ್ತಾರೆ. ಕೇಳಿದ್ದನ್ನು ಸರಿಯಾಗಿಯೇ ಬರೆದಿದ್ದಾರೆ! ಕಲಿಸುವವರು ಇಲ್ಲಿ ಮಾಡುವ ದೊಡ್ಡ ಅನಾಹುತವೆಂದರೆ ನಾಲಿಗೆ ತಿದ್ದಲು ಕೂರುವುದು. ‘ಆಲು ಅಲ್ಲ, ಹಾಲು, ಹಾ ಹಾ ಹೇಳಿ’ ಎಂದು ಎರಡು ಸಲ ಹೇಳಿಸಿದರೆ ಮೂರನೇ ಸಲ ಆಕೆ ಬಾಯಿ ತೆರೆಯುವುದಿಲ್ಲ.

ಮಾತನ್ನು ಹಾಗೆಯೇ ಬಿಡಿ. ಬರಹದಲ್ಲಿ ಹ ಬರುವ ಪದಗಳ ಒಂದು ಪಟ್ಟಿಯನ್ನು ಗೋಡೆಗೆ ಹಾಕಿ: ಹಾಲು, ಹಸು, ಹಣ, ಹೊಲ, ಹಬ್ಬ, ಹೂವು, ಹೆಸರು. ಕಣ್ಣಿಗೆ ರೂಢಿಯಾದರೆ ಕೈ ತಾನಾಗಿ ಬರೆಯುತ್ತದೆ. ಓದುವಾಗ ‘ಹಾಲು ಇದೆ’ ಎಂಬುದನ್ನು ‘ಆಲು ಅದೆ’ ಎಂದು ಓದಿದರೆ ಅರ್ಥ ಹಿಡಿದಿದ್ದಾರೆ ಎಂದು ಸಂತೋಷಪಡಿ. ಆಮೇಲೆ ಬೇಕಾದರೆ ‘ಇದೆ’ಯ ಮೊದಲ ಅಕ್ಷರಕ್ಕೆ ಬೆರಳಿಟ್ಟು ತೋರಿಸಿ.

ಹಂತ 5: ಕಾಗುಣಿತ

ಹೆಚ್ಚಿನ ತರಗತಿಗಳು ಮುರಿದುಬೀಳುವುದು ಇಲ್ಲಿ. ಕ ಕಾ ಕಿ ಕೀ ಎಂದು 34 ವ್ಯಂಜನಕ್ಕೂ ಪೂರ್ತಿ ಕಾಗುಣಿತ ಬರೆಸುವುದು ತಿಂಗಳುಗಟ್ಟಲೆ ನಡೆಯುತ್ತದೆ. ಕೊನೆಗೆ ಹಾಡಲು ಬರುತ್ತದೆ, ಓದಲು ಬರುವುದಿಲ್ಲ. ‘ಬೆ’ ಎಂಬುದನ್ನು ಓದಲು ಬ ಬಾ ಬಿ ಬೀ ಎಂದು ಮೊದಲಿನಿಂದ ಎಣಿಸಿಕೊಂಡು ಬರುವವರನ್ನು ನೀವು ನೋಡಿರಬಹುದು.

ಅಕ್ಷರವನ್ನು ಹಿಡಿಯುವ ಬದಲು ಗುರುತನ್ನು ಹಿಡಿಯಿರಿ. ಒಂದು ಗುರುತು, ಅದನ್ನು ಕಲಿತ ಎಲ್ಲ ಅಕ್ಷರಗಳಿಗೂ ಹಚ್ಚುವುದು. ಗುರುತುಗಳ ಕ್ರಮವನ್ನೂ ಬಳಕೆ ನೋಡಿ ಇಟ್ಟುಕೊಳ್ಳಿ.

ಮೊದಲು ಇಳಿ ಮತ್ತು ಕೊಂಬು. ನಮ್ಮ ಪದಗಳಲ್ಲಿ ಹಲವು ಉಕಾರದಲ್ಲಿ ಮುಗಿಯುವುದರಿಂದ ಈ ಎರಡೇ ಸಾಕು: ಹಾಲು, ಸಾರು, ಕರು, ಹಸು, ಮಗಳು, ಕಾಳು, ಕಾಸು. ಎರಡನೆಯದಾಗಿ ಗುಡಿಸು ಮತ್ತು ಏತ್ವ: ರಾಗಿ, ಕುರಿ, ಮನೆ, ಬೆಲೆ, ಎಲೆ, ಕೆರೆ. ಮೂರನೆಯದಾಗಿ ದೀರ್ಘಗಳು: ನೀರು, ಹೂವು, ಬೇಳೆ, ಮೇವು. ಆಮೇಲೆ ಒ, ಓ: ಹೊಲ, ಸೊಸೆ, ಕೋಳಿ, ಜೋಳ. ಐತ್ವ, ಔತ್ವ ಮೈಸೂರು, ಗೌರಿಗಳ ನೆಪದಲ್ಲಿ ಬಂದು ಹೋಗಲಿ. ವಟ್ರಸುಳಿಯನ್ನು ಗೃಹಲಕ್ಷ್ಮಿ ಎಂಬ ಪದದಲ್ಲಿ ತೋರಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ, ಆ ಪದ ಓದುವ ಆಸೆ ಎಲ್ಲರಿಗೂ ಇದೆ.

ರಟ್ಟಿನ ಚೂರುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಮರ ಎಂದು ಜೋಡಿಸಿ. ರ ತೆಗೆದು ರಿ ಇಡಿ: ಮರಿ. ಮನ ಎಂದಿರುವ ಕಡೆ ನ ತೆಗೆದು ನೆ ಇಡಿ: ಮನೆ. ಒಂದು ಚೂರು ಬದಲಾದರೆ ಅರ್ಥವೇ ಬದಲಾಗುವುದನ್ನು ಕಣ್ಣಾರೆ ಕಂಡವರು ಗುರುತನ್ನು ನಿರ್ಲಕ್ಷಿಸುವುದಿಲ್ಲ.

ತಪ್ಪು ಹೆಚ್ಚಾಗುವ ಕಡೆಗಳನ್ನು ಮೊದಲೇ ತಿಳಿದಿರಿ. ಪ, ವ ಅಕ್ಷರಗಳಿಗೆ ಕೊಂಬು ಬೇರೆಯವುಗಳಂತೆ ಪಕ್ಕಕ್ಕೆ ಅಂಟದೆ ಕೆಳಕ್ಕೆ ಇಳಿಯುತ್ತದೆ: ಪು, ವು. ಪಕ್ಕಕ್ಕೆ ಹಾಕಿದರೆ ವು ‘ಮ’ ಆಗಿಬಿಡುತ್ತದೆ. ಹೂವು ಬರೆಯಲು ಹೇಳಿದಾಗ ‘ಹೂಮ’ ಕಂಡರೆ ಕಾರಣ ಇದೇ. ಹ್ರಸ್ವ ದೀರ್ಘದ ಗೊಂದಲವನ್ನು ನಿಯಮ ಹೇಳಿ ಬಿಡಿಸಬೇಡಿ. ಬಲೆ–ಬಾಲೆ, ಕರು–ಕಾರು, ಬಿಡಿ–ಬೀಡಿ ಎಂದು ಜೋಡಿ ಓದಿಸಿ. ಕಿವಿಗೆ ವ್ಯತ್ಯಾಸ ಮೊದಲೇ ಗೊತ್ತಿದೆ, ಕಣ್ಣಿಗೆ ಗೊತ್ತಾಗಬೇಕಷ್ಟೆ.

ಹಂತ 6: ಸೊನ್ನೆ ಮತ್ತು ಒತ್ತು

ಸೊನ್ನೆ ಎರಡು ದಿನದ ಕೆಲಸ: ಸಂಘ, ಹಂದಿ, ತಂಗಿ, ಕಂತು, ನಾಗಮಂಗಲ. ಒತ್ತಕ್ಷರಕ್ಕೆ ಮೂರು ನಾಲ್ಕು ವಾರ ಬೇಕು. ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು: ಅಕ್ಕ, ಅಣ್ಣ, ಅವ್ವ, ಕಬ್ಬು, ಬೆಲ್ಲ, ಎಮ್ಮೆ, ಹಳ್ಳಿ, ಭತ್ತ. ಕಬ್ಬಿನ ಸೀಮೆಯಲ್ಲಿ ಈ ಪದಗಳಿಗೆ ಬರವಿಲ್ಲ. ನಂತರ ಬೇರೆ ಒತ್ತು: ಮಂಡ್ಯ, ಅಕ್ಷರ, ಬ್ಯಾಂಕು, ಆಸ್ಪತ್ರೆ. ಕೊನೆಗೆ ಅರ್ಕಾವತ್ತು. ಖರ್ಚು, ಅರ್ಜಿ, ಕರ್ನಾಟಕ ಇವುಗಳಲ್ಲಿ ರಕಾರ ಮೊದಲು ಕೇಳಿಸಿದರೂ ರೂಢಿಯ ಬರಹದಲ್ಲಿ ಗುರುತು ಅಕ್ಷರದ ನಂತರ ಬರುತ್ತದೆ, ಬೋರ್ಡುಗಳಲ್ಲೂ ಕಾಣುತ್ತದೆ. ಕೆಲವರು ರ ಬರೆದು ಮುಂದಿನ ಅಕ್ಷರವನ್ನು ಅದಕ್ಕೆ ಒತ್ತಾಗಿ ಕೊಡುತ್ತಾರೆ. ಎರಡು ರೂಪವನ್ನೂ ತೋರಿಸಿ, ಬರೆಯಲು ಒಂದನ್ನೇ ರೂಢಿಸಿ.

ಈ ಹಂತಕ್ಕೆ ಬಸ್ಸಿನ ಬೋರ್ಡಿಗಿಂತ ಒಳ್ಳೆಯ ಪಾಠವಿಲ್ಲ. ಒತ್ತಿಲ್ಲದ್ದು ಪಾಂಡವಪುರ, ಒಂದೇ ಒತ್ತು ಮದ್ದೂರು, ಮಳವಳ್ಳಿ, ಬೇರೆ ಒತ್ತು ಮಂಡ್ಯ, ಎರಡೂ ಇರುವುದು ಶ್ರೀರಂಗಪಟ್ಟಣ. ಒಂದು ದಿನ ಎಲ್ಲರನ್ನೂ ಕರೆದುಕೊಂಡು ಹೋಗಿ ನಿಲ್ದಾಣದಲ್ಲೇ ಪಾಠ ಮಾಡಿ. ಬಸ್ಸು ನಿಂತಿರುವಾಗ ಓದುವುದು ಸುಲಭ, ಬರುತ್ತಿರುವಾಗ ಓದಲು ಬರಬೇಕು. ಅದಕ್ಕೆ ಮೊದಲ ಅಕ್ಷರ ನೋಡಿ ಊಹಿಸುವುದನ್ನು ಬಿಡಿಸಬೇಕಾಗುತ್ತದೆ, ಮ ಕಂಡ ಕೂಡಲೇ ಮಂಡ್ಯ, ಮದ್ದೂರು, ಮಳವಳ್ಳಿ, ಮೈಸೂರು ಯಾವುದೂ ಆಗಬಹುದು.

ಲಕ್ಷ್ಮಮ್ಮನವರ ‘ಕ್ಷ್ಮ’ವನ್ನು ಈಗ ಬಿಡಿಸಿ ತೋರಿಸಿ.

ಹಂತ 7: ಅಂಕಿ

ಅಂಕಿಯನ್ನು ಅಕ್ಷರದ ಜೊತೆಜೊತೆಗೇ, ದಿನಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ಕನ್ನಡ ಅಂಕಿಯೋ 1, 2, 3 ಎಂಬ ಅಂಕಿಯೋ ಎಂಬ ಚರ್ಚೆ ಸಭೆಗಳಿಗಿರಲಿ. ನೋಟು, ಮೊಬೈಲು, ತಕ್ಕಡಿ, ಪಾಸ್‌ಬುಕ್, ಡೈರಿ ಯಂತ್ರ ಎಲ್ಲದರಲ್ಲೂ ಇರುವುದು 1, 2, 3. ಅದನ್ನೇ ಮೊದಲು ಕಲಿಸಿ. ೧, ೨, ೩ ಕೊನೆಯ ತಿಂಗಳಲ್ಲಿ ಎರಡು ದಿನಕ್ಕೆ ಬರುತ್ತದೆ.

ಕೂಡುವುದು ಕಳೆಯುವುದನ್ನು ಅವರಿಗೆ ಕಲಿಸಲು ಹೋಗಬೇಡಿ, ಸಂತೆಯಲ್ಲಿ ಅವರು ನಿಮಗಿಂತ ಚುರುಕು. ತೊಡಕಿರುವುದು ಬರೆಯುವುದರಲ್ಲಿ. ‘ನೂರ ಐದು’ ಎಂದರೆ 1005 ಎಂದು ಬರೆಯುತ್ತಾರೆ. ನೂರು ಕೇಳಿಸಿತು, 100 ಬರೆದರು. ಐದು ಕೇಳಿಸಿತು, 5 ಬರೆದರು. ಇದನ್ನು ಬಿಡಿಸಲು ನೆಲದ ಮೇಲೆ ಮೂರು ಮನೆ ಗೆರೆ ಹಾಕಿ: ನೂರರ ನೋಟಿನದು, ಹತ್ತರ ನೋಟಿನದು, ಒಂದು ರೂಪಾಯಿಯದು. ನಿಜವಾದ ದುಡ್ಡನ್ನೇ ಇಡಿಸಿ. ನೂರ ಐದಕ್ಕೆ ನಡುವಿನ ಮನೆ ಖಾಲಿ. ಖಾಲಿ ಮನೆಗೆ ಸೊನ್ನೆ. ನಾಲ್ಕನೇ ಮನೆ ಸಾವಿರಕ್ಕೆ ಆಮೇಲೆ ಸೇರಲಿ.

ದಶಾಂಶಕ್ಕೆ ಡೈರಿ ಚೀಟಿಯೇ ಗುರು. ಲೀಟರು, ಫ್ಯಾಟು (ಹಾಲಿನ ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ), ದರ, ಮೊತ್ತ ಎಂಬ ಐದು ಕಡೆ ಬೆರಳಿಟ್ಟು ಓದಿಸಿ. 3.9 ದೊಡ್ಡದೋ 4.1 ದೊಡ್ಡದೋ ಎಂದು ಕೇಳಿ. ಚುಕ್ಕಿಯ ಬಲಕ್ಕಿರುವ 9 ನೋಡಿ ಮೊದಲನೆಯದೇ ದೊಡ್ಡದು ಎನ್ನುವವರು ಇರುತ್ತಾರೆ. ನಾಲ್ಕು ವಾರದ ಚೀಟಿಗಳನ್ನು ಸಾಲಾಗಿ ಜೋಡಿಸಿದಾಗ ಫ್ಯಾಟು ಯಾವಾಗ ಇಳಿಯಿತು, ಹಸಿ ಮೇವು ಹಾಕಿದ ವಾರ ಏನಾಯಿತು ಎಂದು ಅವರೇ ಮಾತಾಡಲು ಶುರು ಮಾಡುತ್ತಾರೆ. ಅಲ್ಲಿಂದ ನಿಮ್ಮ ಕೆಲಸ ಹಗುರ.

ಹಂತ 8: ಮೊದಲು ತಂದ ಕಾಗದ

ಎರಡನೇ ಹಂತದಲ್ಲಿ ತರಿಸಿದ ಕಾಗದಗಳನ್ನು ಈಗ ಹೊರತೆಗೆಯಿರಿ. ಪೂರ್ತಿ ಓದಿಸಬೇಡಿ, ಬೇಕಾದ್ದನ್ನು ಹುಡುಕಿಸಿ. ಲಗ್ನಪತ್ರಿಕೆಯಲ್ಲಿ ದಿನ, ಮುಹೂರ್ತ, ಛತ್ರದ ಹೆಸರು. ಕರೆಂಟು ಬಿಲ್ಲಿನಲ್ಲಿ ಮೊತ್ತ, ಕೊನೆಯ ದಿನಾಂಕ. ಮಾತ್ರೆಯ ಮೇಲೆ ಅವಧಿ ಮುಗಿಯುವ ತಿಂಗಳು. ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್, ಡೆಬಿಟ್, ಬ್ಯಾಲೆನ್ಸ್ ಎಂದು ಇಂಗ್ಲಿಷಿನಲ್ಲಿದ್ದರೆ ಆ ಮೂರು ಪದಗಳನ್ನು ಚಿತ್ರದಂತೆ ಗುರುತಿಸಲು ಕಲಿಸಿ: ಬಂದದ್ದು, ಹೋದದ್ದು, ಉಳಿದದ್ದು.

ಹೊಲದ ಔಷಧಿಯ ಡಬ್ಬಿಯನ್ನು ಬಿಡಬೇಡಿ. ಅದರ ಮೇಲಿನ ಬಣ್ಣದ ತ್ರಿಕೋನವನ್ನು ಅಕ್ಷರ ಬಾರದವರೂ ಓದಬಹುದು: ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದರೆ ನಿರಪಾಯ ಎಂದಲ್ಲ, ಅದನ್ನು ಬಿಡಿಸಿ ಹೇಳಿ. ಖಾಲಿ ಡಬ್ಬಿ ತೊಳೆದು ಎಣ್ಣೆ ತುಂಬುವ ಮನೆಗಳು ಇನ್ನೂ ಇವೆ.

ಹಂತ 9: ಸಹಿ, ಕೊನೆಗೆ

ಎಲ್ಲರೂ ಮೊದಲು ಕಲಿಸುವ ಸಹಿಯನ್ನು ನಾನು ಕೊನೆಗಿಟ್ಟಿರುವುದಕ್ಕೆ ಕಾರಣವಿದೆ. ಹೆಬ್ಬೆಟ್ಟು ಒತ್ತುವವರಿಗೆ ಕಾಗದವನ್ನು ಓದಿ ಹೇಳಬೇಕೆಂಬ ರೂಢಿ ಬ್ಯಾಂಕಿನಲ್ಲೂ ನೋಂದಣಿ ಕಚೇರಿಯಲ್ಲೂ ಇದೆ. ಸಹಿ ಹಾಕಿದವರು ಓದಿಯೇ ಹಾಕಿದ್ದಾರೆ ಎಂದು ಲೋಕ ತಿಳಿಯುತ್ತದೆ. ಓದಲು ಬಾರದೆ ಸಹಿ ಮಾತ್ರ ಬಂದವರ ಸ್ಥಿತಿ ಹೆಬ್ಬೆಟ್ಟಿನವರಿಗಿಂತ ಕೆಟ್ಟದು. ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟಾಗ ಇದರ ಬಿಸಿ ತಟ್ಟುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಬಿಡುವುದೋ ಉಳಿಸಿಕೊಳ್ಳುವುದೋ ಅವರಿಗೆ ಬಿಟ್ಟದ್ದು, ಆದರೆ ‘ಹಕ್ಕು ಬಿಡುಗಡೆ’ ಎಂಬ ಪದವನ್ನು ಓದಿದ ಮೇಲೆ ನಿರ್ಧರಿಸಲಿ.

ಆದ್ದರಿಂದ ಸಹಿಯ ಜೊತೆ ಮೂರು ರೂಢಿ ಕಲಿಸಿ. ಖಾಲಿ ಜಾಗವಿರುವ ಅರ್ಜಿಗೆ ಸಹಿ ಇಲ್ಲ. ಸಾಲದ ಕಾಗದವಾದರೆ ಮೊತ್ತ, ಬಡ್ಡಿ, ಕಂತು ಮೂರನ್ನೂ ಬೆರಳಿಟ್ಟು ಓದದೆ ಸಹಿ ಇಲ್ಲ. ಅರ್ಥವಾಗದಿದ್ದರೆ ‘ಮನೆಗೆ ತೆಗೆದುಕೊಂಡು ಹೋಗಿ ಓದಿಸಿ ಬರುತ್ತೇನೆ’ ಎನ್ನುವುದು. ಈ ಕೊನೆಯ ಮಾತನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿ. ನೀವು ಏಜೆಂಟರಾಗಿ, ‘ಹೊತ್ತಾಯಿತು, ಬೇಗ ಹಾಕಮ್ಮ’ ಎಂದು ಅವಸರಪಡಿಸಿ. ಸಹಿ ಹಾಕಿದವರು ಸೋತರು.

ಖಾತೆ ತೆರೆದಾಗ ಹೆಬ್ಬೆಟ್ಟು ಕೊಟ್ಟಿದ್ದರೆ ಹೊಸ ಸಹಿಯನ್ನು ಬ್ಯಾಂಕಿನಲ್ಲಿ ದಾಖಲು ಮಾಡಿಸಬೇಕು. ಆಧಾರ್, ಪಾಸ್‌ಬುಕ್ ಹಿಡಿದು ಒಮ್ಮೆ ಹೋಗಿ ಬರಲಿ. ಅದಕ್ಕೆ ಮುಂಚೆ ಹಣ ತೆಗೆಯುವ ಚೀಟಿಗೆ ಸಹಿ ಹಾಕಿದರೆ ಹಣ ಕೊಡುವುದಿಲ್ಲ. ಸಹಿ ಪ್ರತಿ ಸಲವೂ ಒಂದೇ ರೀತಿ ಬರುವವರೆಗೆ ದಾಖಲು ಮಾಡಿಸಬೇಡಿ.

ಹಂತ 10: ಮೊಬೈಲು, ಪರೀಕ್ಷೆ, ನಾಟಿಯ ನಂತರ

ಮೊಬೈಲಿನಲ್ಲಿ ಎರಡು ಸಾಕು. ಹೆಸರು ಹುಡುಕಿ ಕರೆ ಮಾಡುವುದು, ಬ್ಯಾಂಕಿನ ಸಂದೇಶದಲ್ಲಿ ಮೊತ್ತ ಓದುವುದು. ಒಟಿಪಿ ಅಂಕಿಯನ್ನು ಓದಲು ಬಂದ ಹೊಸದರಲ್ಲಿ ಕೇಳಿದವರಿಗೆಲ್ಲ ಹುರುಪಿನಿಂದ ಓದಿ ಹೇಳುವ ಅಪಾಯವಿದೆ. ಓದಲು ಕಲಿಸಿದ ದಿನವೇ ಯಾರಿಗೂ ಹೇಳಬಾರದೆಂದೂ ಕಲಿಸಿ.

ಕೇಂದ್ರ ಸರ್ಕಾರದ ಉಲ್ಲಾಸ್ ಎಂಬ ಸಾಕ್ಷರತಾ ಕಾರ್ಯಕ್ರಮದಡಿ 15 ವರ್ಷ ಮೇಲ್ಪಟ್ಟವರಿಗೆ ಪರೀಕ್ಷೆಯಿದೆ. ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕ. ಉತ್ತೀರ್ಣರಾದವರಿಗೆ ಪ್ರಮಾಣಪತ್ರ ಸಿಗುತ್ತದೆ. ಆಸೆ ಇರುವವರ ಹೆಸರನ್ನು ಊರಿನ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ನೋಂದಾಯಿಸಿ. ಪರೀಕ್ಷೆ ಎಂದರೆ ಕೈ ನಡುಗುವವರನ್ನು ಬಲವಂತ ಮಾಡಬೇಡಿ. ಅವರ ಪರೀಕ್ಷೆ ತಾವು ತಂದ ಕಾಗದದಲ್ಲೇ ಆಗಿದೆ.

ನಾಟಿಗೆಂದು ತಿಂಗಳು ಬಿಟ್ಟರೆ ಒತ್ತಕ್ಷರ ಮೊದಲು ಮರೆಯುತ್ತದೆ, ಆಮೇಲೆ ದೀರ್ಘ. ಅದಕ್ಕೇ ಬಿಡುವಿನಲ್ಲೂ ವಾರಕ್ಕೊಮ್ಮೆ, ಸಂಘದ ಸಭೆಯ ದಿನವೇ, ಅರ್ಧ ಗಂಟೆ ಇಟ್ಟುಕೊಳ್ಳಿ. ಸಭೆಯ ಉಳಿತಾಯದ ಪುಸ್ತಕವನ್ನು ಸರದಿಯ ಮೇಲೆ ಒಬ್ಬೊಬ್ಬರು ಓದಲಿ, ತಮ್ಮ ಸಾಲಿನ ಮೊತ್ತವನ್ನು ತಾವೇ ಬರೆಯಲಿ. ಪುಸ್ತಕ ಬರೆಯುವವರು ‘ಹೊತ್ತಾಗುತ್ತದೆ, ಕೊಡಿ ನಾನೇ ಬರೆಯುತ್ತೇನೆ’ ಎಂದು ಪೆನ್ನು ಕಸಿದುಕೊಳ್ಳದಂತೆ ಮೊದಲೇ ಹೇಳಿಟ್ಟಿರಿ. ನಾಟಿ ಮುಗಿದು ಮತ್ತೆ ಸೇರಿದ ಮೊದಲ ವಾರ ಹೊಸ ಪಾಠ ಬೇಡ, ಹಳೆಯ ಡೈರಿ ಚೀಟಿಗಳನ್ನೇ ತರಲು ಹೇಳಿ.